1864: ಡ್ಯುಬ್ಬೊಲ್ ದಿಣ್ಣೆಯಲ್ಲಿ ಡೆನ್ಮಾರ್ಕ್

1864ರ ಫೆಬ್ರವರಿ 4ರ ಸಂಜೆ ಶ್ಲೆಸ್ವಿಗ್ ಪಟ್ಟಣದಲ್ಲಿ ಡೆನ್ಮಾರ್ಕಿನ ದಂಡಿನ ಹಿರಿಯ ಅಧಿಕಾರಿಗಳು ಸಭೆ ಸೇರಿದರು. ಕರೆದವರು ಮುಖ್ಯ ದಂಡನಾಯಕ ಕ್ರಿಶ್ಚಿಯನ್ ಜೂಲಿಯಸ್ ಡೆ ಮೆಝಾ. ವಯಸ್ಸು 72. ಸಂಗೀತವೆಂದರೆ ಪ್ರಾಣ, ಥಂಡಿ ಗಾಳಿಯೆಂದರೆ ಭಯ. ಬಾಗಿಲ ಸಂದಿಯಿಂದ ಗಾಳಿ ನುಸುಳಿದರೂ ಅವರಿಗೆ ಆಗುವುದಿಲ್ಲ ಎಂದು ದಂಡಿನಲ್ಲೆಲ್ಲ ಮಾತಿತ್ತು. ಆದರೆ ಹದಿನಾಲ್ಕು ವರ್ಷ ಹಿಂದೆ ಇದೇ ಸೀಮೆಯಲ್ಲಿ ನಡೆದ ಯುದ್ಧದಲ್ಲಿ ಹೆಸರು ಮಾಡಿದವರೂ ಅವರೇ. ಆ ಸಂಜೆ ಸಭೆಯ ಮುಂದಿದ್ದ ಪ್ರಶ್ನೆ ಒಂದೇ: ಡಾನೆವಿರ್ಕೆಯನ್ನು ಹಿಡಿದು ನಿಲ್ಲುವುದೋ, ಬಿಟ್ಟು ಹೋಗುವುದೋ.

ಡಾನೆವಿರ್ಕೆ ಎಂದರೆ ಯೂಟ್ಲೆಂಡ್ ಪರ್ಯಾಯದ್ವೀಪದ ಸೊಂಟಕ್ಕೆ ಅಡ್ಡವಾಗಿ ಹಾಕಿದ ಮಣ್ಣಿನ ಏರಿಗಳ ಸಾಲು. ಎಲ್ಲ ಸೇರಿಸಿದರೆ ಸುಮಾರು 30 ಕಿಲೋಮೀಟರ್ ಉದ್ದ. ಅದರ ಹಳೆಯ ಭಾಗಗಳು ವೈಕಿಂಗರ ಕಾಲಕ್ಕಿಂತ ಹಿಂದಿನವು. 808ರಲ್ಲಿ ಚಾರ್ಲಮೇನ್‌ನನ್ನು ಎದುರು ಹಾಕಿಕೊಂಡಿದ್ದ ರಾಜ ಗೋಡ್‌ಫ್ರೆಡ್ ಅದನ್ನು ಬಲಪಡಿಸಿದ. 12ನೇ ಶತಮಾನದಲ್ಲಿ ಒಂದನೇ ವಾಲ್ಡೆಮಾರ್ ಅದರ ಒಂದು ಭಾಗಕ್ಕೆ ಇಟ್ಟಿಗೆಯ ಗೋಡೆ ಕಟ್ಟಿಸಿದ. ಆಮೇಲೆ ನೂರಾರು ವರ್ಷ ಅದು ಹುಲ್ಲು ಬೆಳೆದ ದಿಬ್ಬವಾಗಿ ಬಿದ್ದಿತ್ತು. ಆದರೂ ಡೇನರ ಮನಸ್ಸಿನಲ್ಲಿ ದಕ್ಷಿಣದ ಬಾಗಿಲು ಅದೇ. ಮಕ್ಕಳು ಶಾಲೆಯಲ್ಲಿ ಓದುತ್ತಿದ್ದುದು ಅದನ್ನೇ, ಪತ್ರಿಕೆಗಳು ಬರೆಯುತ್ತಿದ್ದುದೂ ಅದನ್ನೇ. ದಂಡು ಅದರ ಹಿಂದೆ ನಿಂತಿದೆ ಎಂದಮೇಲೆ ದೇಶಕ್ಕೆ ಭಯವಿಲ್ಲ ಎಂದು ಕೋಪನ್‌ಹೇಗನ್ ನಂಬಿತ್ತು.

ಆ ನಂಬಿಕೆಯ ಆಧಾರ ನೀರು. ಪೂರ್ವಕ್ಕೆ ಸಮುದ್ರದಿಂದ ಒಳನುಗ್ಗಿದ ಶ್ಲೈ ಎಂಬ ಉದ್ದನೆಯ ಹಿನ್ನೀರು, ಪಶ್ಚಿಮಕ್ಕೆ ಜವುಗು ನೆಲ. ನಡುವಿನ ಭಾಗವನ್ನು ಕಾದರೆ ಸಾಕು, ಉಳಿದದ್ದನ್ನು ನೀರು ಕಾಯುತ್ತದೆ ಎಂಬುದು ಲೆಕ್ಕ. ಆ ಫೆಬ್ರವರಿಯಲ್ಲಿ ನೀರು ಹೆಪ್ಪುಗಟ್ಟಿತು. ಸೈನಿಕರು ಶ್ಲೈ ಮೇಲಿನ ಮಂಜುಗಡ್ಡೆಯನ್ನು ಹಗಲೆಲ್ಲ ಒಡೆದರು. ರಾತ್ರಿ ಕಳೆಯುವಷ್ಟರಲ್ಲಿ ಅದು ಮತ್ತೆ ಕೂಡಿಕೊಳ್ಳುತ್ತಿತ್ತು. ಜವುಗಿನ ಮೇಲೆ ಗಾಡಿ ಓಡಾಡುವಂತಾಯಿತು. ಈ ಇಡೀ ಸಾಲನ್ನು ಕಾಯಲು ಡೆ ಮೆಝಾ ಅವರ ಬಳಿ ಇದ್ದವರು 40,000ಕ್ಕೂ ಕಡಿಮೆ ಜನ. ಎದುರಿಗೆ ಪ್ರಷ್ಯ ಮತ್ತು ಆಸ್ಟ್ರಿಯದ ಕೂಡುದಂಡು, 57,000ದ ಆಸುಪಾಸು, ಹಿಂದಿನಿಂದ ಇನ್ನೂ ಬರುತ್ತಿತ್ತು.

ಸಭೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹಿಂದೆ ಸರಿಯಬೇಕೆಂದರು. ಬೇಡವೆಂದವರು ಜನರಲ್ ಲ್ಯೂಟಿಚಾವ್ ಒಬ್ಬರೇ. ಮರುದಿನ, ಫೆಬ್ರವರಿ 5ರ ಸಂಜೆ ಕತ್ತಲಾದ ಮೇಲೆ, ದಂಡು ಸದ್ದಿಲ್ಲದೆ ಉತ್ತರಕ್ಕೆ ಹೊರಟಿತು. ಕೋಟೆಯ ದೊಡ್ಡ ಫಿರಂಗಿಗಳನ್ನು ಎಳೆದೊಯ್ಯಲು ಸಾಧ್ಯವಿರಲಿಲ್ಲ, ಅಲ್ಲೇ ಬಿಟ್ಟರು. ಫ್ಲೆನ್ಸ್‌ಬೋರ್ಗ್‌ಗೆ 30 ಕಿಲೋಮೀಟರಿಗೂ ಹೆಚ್ಚು ದಾರಿ. ಮಂಜು ಬೀಳುತ್ತಿತ್ತು, ರಸ್ತೆ ಗಾಜಿನ ಹಾಗೆ ನುಣುಪಾಗಿತ್ತು, ಕುದುರೆಗಳು ಜಾರಿ ಬೀಳುತ್ತಿದ್ದವು. ಬಿದ್ದ ಕುದುರೆಯನ್ನು ಎಬ್ಬಿಸಿ, ಗಾಡಿಗೆ ಹೆಗಲು ಕೊಟ್ಟು ತಳ್ಳುತ್ತ, ಮತ್ತೆ ನಿಲ್ಲುತ್ತ ಇಡೀ ರಾತ್ರಿ ನಡೆದರು. ಬೆಳಗಾದ ಮೇಲೆ ಆಸ್ಟ್ರಿಯದವರು ಸುದ್ದಿ ತಿಳಿದು ಬೆನ್ನು ಹತ್ತಿದರು. ಸಾಂಕೆಲ್‌ಮಾರ್ಕ್ ಎಂಬ ಕೆರೆಯ ಬಳಿ ಕರ್ನಲ್ ಮ್ಯಾಕ್ಸ್ ಮ್ಯುಲ್ಲರ್ ಅವರ ಹಿಂಗಾವಲು ಪಡೆ ತಿರುಗಿ ನಿಂತು ಅವರನ್ನು ತಡೆಯಿತು. ದಂಡು ಉಳಿಯಿತು.

ಹಗಲಲ್ಲಿ ಕಾದು, ರಾತ್ರಿ ಅಷ್ಟು ದೊಡ್ಡ ದಂಡನ್ನು ಶತ್ರುವಿನ ಮೂಗಿನಡಿಯಿಂದ ಜಾರಿಸಿಕೊಂಡು ಹೋದದ್ದು ಆ ಯುದ್ಧದಲ್ಲಿ ಡೇನರು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಎಂದು ನನ್ನ ಅಭಿಪ್ರಾಯ. ಕೋಪನ್‌ಹೇಗನ್‌ಗೆ ಹಾಗೆ ಕಾಣಲಿಲ್ಲ. ಡಾನೆವಿರ್ಕೆಯನ್ನು ಹೋರಾಡದೆ ಬಿಟ್ಟುಕೊಟ್ಟರು ಎಂಬ ಸುದ್ದಿ ಬಂದಾಗ ಜನ ಬೀದಿಗಿಳಿದರು, ದ್ರೋಹವೆಂದು ಕೂಗಿದರು. ಸರ್ಕಾರ ಡೆ ಮೆಝಾ ಅವರನ್ನು ಕೆಲಸದಿಂದ ತೆಗೆಯಿತು. ಅವರು ಮರುವರ್ಷವೇ ತೀರಿಕೊಂಡರು.

*

ಹಿಮ ಡೇನರಿಗೆ ಕೈಕೊಟ್ಟದ್ದು ಅದೇ ಮೊದಲಲ್ಲ. 1658ರ ಚಳಿಗಾಲದಲ್ಲಿ ಸ್ವೀಡನ್ನಿನ ಹತ್ತನೇ ಕಾರ್ಲ್ ಗುಸ್ತಾವ್ ತನ್ನ ದಂಡನ್ನು ಹೆಪ್ಪುಗಟ್ಟಿದ ಸಮುದ್ರದ ಮೇಲೆಯೇ ನಡೆಸಿಕೊಂಡು ಬಂದಿದ್ದ. ಮೊದಲು ಚಿಕ್ಕ ಬೆಲ್ಟ್ ಜಲಸಂಧಿ ದಾಟಿ ಫ್ಯೂನ್ ದ್ವೀಪ, ಆಮೇಲೆ ದೊಡ್ಡ ಬೆಲ್ಟ್ ದಾಟಿ ಕೋಪನ್‌ಹೇಗನ್ ಇರುವ ದ್ವೀಪ. ಹಡಗುಗಳ ಬಲದ ಮೇಲೆ ನಿಂತಿದ್ದ ರಾಜ್ಯಕ್ಕೆ ಹಡಗು ಚಲಿಸದ ಸಮುದ್ರದಲ್ಲಿ ಕುದುರೆ ಸವಾರರು ಬಂದರೆ ಏನು ಮಾಡಲು ಸಾಧ್ಯ? ರೋಸ್ಕಿಲ್ಡೆ ಒಪ್ಪಂದದಲ್ಲಿ ಇಂದಿನ ದಕ್ಷಿಣ ಸ್ವೀಡನ್ ಪೂರ್ತಿ ಕೈಬಿಟ್ಟಿತು. ಅಲ್ಲಿಂದ ಮುಂದೆ ಡೆನ್ಮಾರ್ಕಿನ ಯುದ್ಧಗಳ ಕತೆ ಬಹುಮಟ್ಟಿಗೆ ಕುಗ್ಗುತ್ತ ಬಂದ ಗಡಿಗಳ ಕತೆ.

1807ರದು ಇನ್ನೊಂದು ಪೆಟ್ಟು, ಅದರಲ್ಲಿ ನಮ್ಮ ಸೀಮೆಯ ನೆರಳೂ ಇದೆ. ನೆಪೋಲಿಯನ್ ಕೈಗೆ ಡೆನ್ಮಾರ್ಕಿನ ನೌಕಾಪಡೆ ಸಿಕ್ಕೀತೆಂಬ ಆತಂಕದಿಂದ ಬ್ರಿಟಿಷರು ತಟಸ್ಥ ದೇಶದ ಮೇಲೆ ದಂಡೆತ್ತಿ ಹೋದರು. ಆಗಸ್ಟ್ 29ರಂದು ಕ್ಯೋಗೆ ಎಂಬಲ್ಲಿ ಡೇನರ ರೈತ ಪಡೆಯನ್ನು ಚದುರಿಸಿದವನು ಆರ್ಥರ್ ವೆಲ್ಲೆಸ್ಲಿ. ಎಂಟು ವರ್ಷ ಹಿಂದೆ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದು, ಆಮೇಲೆ ಅಲ್ಲಿನ ಅಧಿಕಾರಿಯಾಗಿ ಧೋಂಡಿಯಾ ವಾಘ್‌ನನ್ನು ಅಟ್ಟಿಸಿಕೊಂಡು ಹೋದ ಅದೇ ವೆಲ್ಲೆಸ್ಲಿ. ಕ್ಯೋಗೆಯಲ್ಲಿ ಎದುರು ನಿಂತವರಲ್ಲಿ ಎಷ್ಟೋ ಜನ ಮರದ ಪಾದರಕ್ಷೆಯಲ್ಲೇ ಬಂದಿದ್ದ ಹಳ್ಳಿಗರು. ಓಡಲು ಅಡ್ಡಿಯಾಯಿತೆಂದು ಅದನ್ನು ಕಳಚಿ ಬಿಸಾಡಿದರು. ಡೇನರು ಆ ಕಾಳಗವನ್ನು ಇವತ್ತಿಗೂ ಆ ಪಾದರಕ್ಷೆಯ ಹೆಸರಿನಿಂದಲೇ ಕರೆಯುತ್ತಾರೆ. ಸೆಪ್ಟೆಂಬರ್ 2ರಿಂದ 5ರವರೆಗೆ ಕೋಪನ್‌ಹೇಗನ್ ಊರಿನ ಮೇಲೆಯೇ ಗುಂಡಿನ ಮಳೆ ಸುರಿಯಿತು. ಸುರಿದದ್ದರಲ್ಲಿ ಕಾಂಗ್ರೀವ್ ರಾಕೆಟ್‌ಗಳೂ ಇದ್ದವು. ಮೈಸೂರಿನ ದಂಡು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಕಂಡು ಕಲಿತು ಮಾಡಿದಂಥವು. ಬ್ರಿಟಿಷರು ಇಡೀ ನೌಕಾಪಡೆಯನ್ನು ಎಳೆದುಕೊಂಡು ಹೋದರು. ಮರುವರ್ಷ ತಮಿಳು ಕರಾವಳಿಯಲ್ಲಿ ಡೇನರ ವಸಾಹತಾಗಿದ್ದ ತರಂಗಂಬಾಡಿಯನ್ನೂ ಹಿಡಿದರು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಿದರೂ 1845ರಲ್ಲಿ ಡೇನರು ಅದನ್ನು ಬ್ರಿಟಿಷರಿಗೇ ಮಾರಿದರು. 1813ರಲ್ಲಿ ಖಜಾನೆ ದಿವಾಳಿ. 1814ರಲ್ಲಿ ನಾರ್ವೆ ಸ್ವೀಡನ್ ಪಾಲಾಯಿತು.

1807ರಲ್ಲಿ ಕೋಪನ್‌ಹೇಗನ್ ಕಾಯಲು ನಿಂತವರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿದ್ದ. ಅವನೇ ಡೆ ಮೆಝಾ.

ನಾರ್ವೆ ಹೋದ ಮೇಲೆ ಉಳಿದದ್ದು ಡೆನ್ಮಾರ್ಕ್ ಮತ್ತು ಅದರ ರಾಜ ಡ್ಯೂಕನಾಗಿ ಆಳುತ್ತಿದ್ದ ಮೂರು ಡಚಿಗಳು: ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬುರ್ಗ್. ಕೊನೆಯ ಎರಡೂ ಜರ್ಮನ್ ಒಕ್ಕೂಟದ ಸದಸ್ಯ ಪ್ರದೇಶಗಳು. ಶ್ಲೆಸ್ವಿಗ್ ಹಾಗಲ್ಲ, ಅದರ ಉತ್ತರದಲ್ಲಿ ಡೇನಿಷ್ ಮಾತು, ದಕ್ಷಿಣದಲ್ಲಿ ಜರ್ಮನ್, ನಡುವೆ ಎರಡೂ ಬೆರೆತ ಊರುಗಳು. ಒಂದೇ ಮನೆಯಲ್ಲಿ ಅಣ್ಣ ಡೇನ್, ತಮ್ಮ ಜರ್ಮನ್ ಎಂದುಕೊಳ್ಳುವಂಥ ಸೀಮೆ. ಹೋಲ್‌ಸ್ಟೈನ್ ಮತ್ತು ಶ್ಲೆಸ್ವಿಗ್ ಎಂದಿಗೂ ಬೇರೆಯಾಗಬಾರದೆಂದು 1460ರಲ್ಲೇ ಡೆನ್ಮಾರ್ಕಿನ ರಾಜ ಮಾತು ಕೊಟ್ಟಿದ್ದ ಎಂಬುದು ಜರ್ಮನರ ವಾದ. ಶ್ಲೆಸ್ವಿಗ್ ಐಡರ್ ನದಿಯವರೆಗೆ ಡೆನ್ಮಾರ್ಕಿನದೇ ಎಂಬುದು ಕೋಪನ್‌ಹೇಗನ್ನಿನ ರಾಷ್ಟ್ರೀಯ ಉದಾರವಾದಿಗಳ ವಾದ. 1848ರಲ್ಲಿ ಇದೇ ಜಗಳ ಯುದ್ಧವಾಯಿತು.

ಆ ಯುದ್ಧದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದಿನ ಅನಾಹುತದ ಬೀಜ ಅಲ್ಲಿದೆ. ಮೂರು ವರ್ಷ ನಡೆದ ಕಾದಾಟದಲ್ಲಿ ಡೇನರು 1849ರ ಜುಲೈ 6ರಂದು ಫ್ರೆಡೆರಿಸಿಯಾದಲ್ಲಿ, 1850ರ ಜುಲೈ 25ರಂದು ಇಸ್ಟೆಡ್‌ನಲ್ಲಿ ಗೆದ್ದರು. ಸಾಮಾನ್ಯ ಸೈನಿಕನಿಗಾಗಿ ಫ್ರೆಡೆರಿಸಿಯಾದಲ್ಲಿ ಪ್ರತಿಮೆ ಎದ್ದಿತು, ಇಸ್ಟೆಡ್ ಗೆಲುವಿಗಾಗಿ ಫ್ಲೆನ್ಸ್‌ಬೋರ್ಗ್‌ನಲ್ಲಿ ಕಂಚಿನ ಸಿಂಹ ಕೂತಿತು. ಎರಡನ್ನೂ ಮಾಡಿದ ಶಿಲ್ಪಿ ಬಿಸ್ಸೆನ್. ಆದರೆ ಇಸ್ಟೆಡ್‌ನಲ್ಲಿ ಡೇನರು ಸೋಲಿಸಿದ್ದು ಬಂಡೆದ್ದ ಡಚಿಗಳ ಪಡೆಯನ್ನು. ಪ್ರಷ್ಯ ಅಷ್ಟರಲ್ಲಿ ಯುದ್ಧದಿಂದ ಹೊರಬಿದ್ದಿತ್ತು, ಅದೂ ರಷ್ಯ ಮತ್ತು ಬ್ರಿಟನ್ ಗದರಿಸಿದ್ದರಿಂದ. ಪ್ರಷ್ಯವನ್ನು ತಾವೇ ಹಿಮ್ಮೆಟ್ಟಿಸಿದೆವು ಎಂದು ದೇಶ ನಂಬಿಕೊಂಡಿತು. ಗೆದ್ದವರಿಗೆ ತಮ್ಮ ಬಲದ ಅಳತೆ ತಪ್ಪಿದ್ದು ಅಲ್ಲಿ. ಶ್ಲೆಸ್ವಿಗ್ ಅನ್ನು ಹೋಲ್‌ಸ್ಟೈನ್‌ಗಿಂತ ಹೆಚ್ಚಾಗಿ ರಾಜ್ಯಕ್ಕೆ ಬಿಗಿಯುವುದಿಲ್ಲ ಎಂದು ಯುದ್ಧದ ಕೊನೆಯಲ್ಲಿ ಯುರೋಪಿನ ದೊಡ್ಡ ದೇಶಗಳಿಗೆ ಕೊಟ್ಟ ಮಾತನ್ನು 1863ರ ನವೆಂಬರಿನಲ್ಲಿ ಮುರಿದದ್ದೂ ಆ ಗೆಲುವಿನ ಧೈರ್ಯದಿಂದಲೇ.

ನವೆಂಬರ್ 13ರಂದು ಸಂಸತ್ತು ಡೆನ್ಮಾರ್ಕ್ ಮತ್ತು ಶ್ಲೆಸ್ವಿಗ್‌ಗೆ ಒಂದೇ ಸಂವಿಧಾನವನ್ನು ಅಂಗೀಕರಿಸಿತು. ಎರಡು ದಿನದಲ್ಲಿ ರಾಜ ಏಳನೇ ಫ್ರೆಡೆರಿಕ್ ಸಹಿ ಹಾಕದೆಯೇ ತೀರಿಕೊಂಡ. ಹೊಸ ರಾಜ ಒಂಬತ್ತನೇ ಕ್ರಿಶ್ಚಿಯನ್‌ಗೆ ಅಪಾಯ ಗೊತ್ತಿತ್ತು, ಮನಸ್ಸಿರಲಿಲ್ಲ. ಆದರೆ ಅರಮನೆಯ ಹೊರಗೆ ಜನ, ಒಳಗೆ ಮಂತ್ರಿಗಳು. 18ರಂದು ಸಹಿ ಹಾಕಿದ. ಬರ್ಲಿನ್ನಿನಲ್ಲಿ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಕಾಯುತ್ತಿದ್ದುದೇ ಇದಕ್ಕೆ. ಈ ಸಲ ಒಪ್ಪಂದ ಮುರಿದವರು ಡೇನರು. ರಷ್ಯ ಪೋಲೆಂಡಿನ ದಂಗೆಯಲ್ಲಿ ಮುಳುಗಿತ್ತು. ಆಸ್ಟ್ರಿಯವನ್ನೂ ಜೊತೆಗೆ ಕಟ್ಟಿಕೊಂಡದ್ದರಿಂದ ಯಾರೂ ಅಡ್ಡ ಬರುವಂತಿರಲಿಲ್ಲ. ಡೆನ್ಮಾರ್ಕ್ ಒಂಟಿಯಾಗಿ ಹೋರಾಡಬೇಕಾಗದು ಎಂಬರ್ಥದ ಮಾತನ್ನು ಬ್ರಿಟಿಷ್ ಪ್ರಧಾನಿ ಪಾಮರ್ಸ್ಟನ್ ಸಂಸತ್ತಿನಲ್ಲಿ ಆಡಿದ್ದರು. ಸ್ವೀಡನ್ನಿನ ರಾಜನೂ ಭರವಸೆ ಕೊಟ್ಟಿದ್ದ. ಕೊನೆಗೆ ಬಂದದ್ದು ಸ್ವಂತ ಖುಷಿಯಿಂದ ಬಂದ ಕೆಲವು ಸ್ವಯಂಸೇವಕರು ಮಾತ್ರ. ಫೆಬ್ರವರಿ 1ರಂದು 79 ವರ್ಷದ ಫೀಲ್ಡ್ ಮಾರ್ಷಲ್ ವ್ರಾಂಗೆಲ್ ಅವರ ದಂಡು ಐಡರ್ ದಾಟಿತು.

*

ಡಾನೆವಿರ್ಕೆ ಬಿಟ್ಟ ದಂಡಿನ ದೊಡ್ಡ ಭಾಗ ಬಂದು ನಿಂತದ್ದು ಡ್ಯುಬ್ಬೊಲ್‌ನಲ್ಲಿ. ಆಲ್ಸ್ ದ್ವೀಪದ ಸೊಂಡರ್‌ಬೋರ್ಗ್ ಪಟ್ಟಣದ ಎದುರಿಗೆ, ಕಿರಿದಾದ ಜಲಸಂಧಿಯ ಈಚೆ ದಡದಲ್ಲಿ ಏರುವ ದಿಣ್ಣೆ ಅದು. ನೆತ್ತಿಯ ಹತ್ತಿರ ಒಂದು ಗಾಳಿಗಿರಣಿ. ದಿಣ್ಣೆಯ ಮೇಲೆ ಬಿಲ್ಲಿನಾಕಾರದಲ್ಲಿ ಹತ್ತು ಮಣ್ಣಿನ ಬುರುಜುಗಳು, ಒಂದರಿಂದ ಹತ್ತರವರೆಗೆ ಅಂಕಿಯೇ ಹೆಸರು. ಬೆನ್ನ ಹಿಂದೆ ಜಲಸಂಧಿಗೆ ಹಾಕಿದ ಎರಡು ತೇಲುಸೇತುವೆ. ಸೋತರೆ ಓಡಲು ದಾರಿ ಅದಷ್ಟೇ.

ಬುರುಜುಗಳನ್ನು ಯೋಜಿಸಿದವರು ಹಳೆಯ ಫಿರಂಗಿಗಳ ಲೆಕ್ಕ ಹಿಡಿದಿದ್ದರು. ಎಡಗಡೆಗೆ ವೆಮ್ಮಿಂಗ್‌ಬುಂಡ್ ಎಂಬ ಕೊಲ್ಲಿ, ಅದರಾಚೆ ಬ್ರೋಅಗರ್ ಎಂಬ ಭೂಶಿರ. ಅಷ್ಟು ದೂರದಿಂದ ಕೊಲ್ಲಿ ದಾಟಿ ಗುಂಡು ಬರುವುದಿಲ್ಲ ಎಂದು ಬ್ರೋಅಗರ್ ಅನ್ನು ಕಾಯದೆ ಬಿಟ್ಟಿದ್ದರು. ಪ್ರಷ್ಯದವರು ತಂದದ್ದು ಕೊಳವೆಯೊಳಗೆ ಸುರುಳಿ ಗೀರು ಕೊರೆದ ಹೊಸ ಫಿರಂಗಿ. ಗುಂಡು ತಿರುಗುತ್ತ ಹೊರಡುವುದರಿಂದ ದೂರವೂ ಹೆಚ್ಚು, ಗುರಿಯೂ ನಿಖರ. ಮಾರ್ಚ್ 15ರಂದು ಬ್ರೋಅಗರ್ ದಡದ ಗಾಮೆಲ್‌ಮಾರ್ಕ್‌ನಿಂದ ಗುಂಡು ಹಾರಲು ಶುರುವಾದಾಗ ಅವು ಬಂದು ಬಿದ್ದದ್ದು ಬುರುಜುಗಳ ಪಕ್ಕೆಗೆ, ಒಳಭಾಗಕ್ಕೆ. ಡೇನರ ನಯಕೊಳವೆಯ ಫಿರಂಗಿಗಳಿಗೆ ಉತ್ತರ ಕೊಡುವ ಶಕ್ತಿ ಇರಲಿಲ್ಲ. ಹಗಲೆಲ್ಲ ಕೆಡವಿದ್ದನ್ನು ರಾತ್ರಿ ಮಣ್ಣು ಹೊತ್ತು ಕಟ್ಟುವುದು, ಮರುಹಗಲು ಮತ್ತೆ ಕೆಡವಿಸಿಕೊಳ್ಳುವುದು. ಹೀಗೆ ವಾರಗಟ್ಟಲೆ ನಡೆಯಿತು.

ಕೋವಿಯ ವ್ಯತ್ಯಾಸ ಇನ್ನೂ ಕ್ರೂರ. ಡೇನ್ ಸೈನಿಕ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ ಸಲಾಕೆಯಿಂದ ಜಡಿದು, ಕೇಪು ಇಟ್ಟು, ಆಮೇಲೆ ಗುರಿ ಹಿಡಿಯಬೇಕು. ಇಷ್ಟನ್ನೂ ನಿಂತೇ ಮಾಡಬೇಕು. ಚೆನ್ನಾಗಿ ಪಳಗಿದವನಿಗೆ ನಿಮಿಷಕ್ಕೆ ಎರಡು ಸುತ್ತು. ಪ್ರಷ್ಯದವನ ಡ್ರೈಸೆ ಸೂಜಿಕೋವಿಗೆ ತೋಟೆ ಹಿಂದಿನಿಂದ. ಹಿಡಿಯನ್ನು ಹಿಂದಕ್ಕೆಳೆದು, ತೋಟೆ ಇಟ್ಟು, ಮುಂದಕ್ಕೆ ತಳ್ಳಿ ಒತ್ತಿದರೆ ಮುಗಿಯಿತು. ನಿಮಿಷಕ್ಕೆ ನಾಲ್ಕೈದು ಗುಂಡು, ಅದೂ ನೆಲಕ್ಕೆ ಬೋರಲಾಗಿ ಒತ್ತಿಕೊಂಡು, ಹೊಲದ ಬದುವಿನ ಮರೆಯಲ್ಲಿ ಮಲಗಿಯೇ.

ದಿಣ್ಣೆಯ ಮೇಲಿದ್ದವರು ಬಹುಪಾಲು ರೈತರು, ಕೂಲಿಕಾರರು, ಮೂವತ್ತು ದಾಟಿ ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರೂ ಬಹಳ. ಸರದಿಯ ಮೇಲೆ ಕೆಲವು ದಿನ ಕಂದಕದ ಕೆಸರಿನಲ್ಲಿ, ಕೆಲವು ದಿನ ಆಲ್ಸ್‌ನಲ್ಲಿ ವಿಶ್ರಾಂತಿ. ಏಪ್ರಿಲ್ 2ರಿಂದ ಗುಂಡಿನ ದಾಳಿ ಬಿರುಸಾಯಿತು. ಸೊಂಡರ್‌ಬೋರ್ಗ್ ಪಟ್ಟಣಕ್ಕೂ ಗುಂಡು ಬಿದ್ದು ಮನೆಗಳು ಹೊತ್ತಿದವು, ನಾಗರಿಕರು ಸತ್ತರು. ವಿಶ್ರಾಂತಿಗೆ ಹೋಗುವ ಜಾಗವೂ ಸುರಕ್ಷಿತವಾಗಿ ಉಳಿಯಲಿಲ್ಲ. ಅತ್ತ ಪ್ರಷ್ಯದವರು ರಾತ್ರಿರಾತ್ರಿ ಕಂದಕ ತೋಡುತ್ತ ಬುರುಜುಗಳಿಂದ ಕೆಲವು ನೂರು ಗಜದವರೆಗೆ ಬಂದಿದ್ದರು. ಮೇಲಿದ್ದವರಿಗೆ ಗುದ್ದಲಿಯ ಸದ್ದು ಕೇಳುತ್ತಿತ್ತು.

ಈ ಹೊತ್ತಿಗೆ ಮುಖ್ಯ ದಂಡನಾಯಕರಾಗಿದ್ದ ಜನರಲ್ ಗೆರ್ಲಾಕ್, ದಿಣ್ಣೆಯನ್ನು ಇನ್ನು ಕಾಯಲಾಗದು, ದಂಡನ್ನು ಆಲ್ಸ್‌ಗೆ ದಾಟಿಸಲು ಬಿಡಿ ಎಂದು ಕೇಳಿದರು. ಕೋಪನ್‌ಹೇಗನ್ ಒಪ್ಪಲಿಲ್ಲ. ಪ್ರಧಾನಿ ಮೊನ್ರಾಡ್ ಅವರ ಲೆಕ್ಕ ಬೇರೆ ಇತ್ತು. ಕೆಲವೇ ದಿನಗಳಲ್ಲಿ ಲಂಡನ್ನಿನಲ್ಲಿ ಶಾಂತಿ ಸಮ್ಮೇಳನ ಸೇರಲಿತ್ತು. ಅಲ್ಲಿ ಕೂರುವಾಗ ಶ್ಲೆಸ್ವಿಗ್ ನೆಲದಲ್ಲಿ ಡೇನರ ಬಾವುಟ ಹಾರುತ್ತಿರಬೇಕು. ಡಾನೆವಿರ್ಕೆಯ ಹಾಗೆ ಇದನ್ನೂ ಬಿಟ್ಟರೆ ಮಾತಿಗೆ ಬೆಲೆ ಇರುವುದಿಲ್ಲ. ಎಷ್ಟೇ ಜನ ಸತ್ತರೂ ಕಾಯಿರಿ ಎಂಬ ಅರ್ಥದ ಆದೇಶ ತಂತಿಯಲ್ಲಿ ಬಂತು. ಬಿಸ್ಮಾರ್ಕ್‌ಗೂ ಅದೇ ಕಾರಣಕ್ಕೆ ಸಮ್ಮೇಳನಕ್ಕೆ ಮೊದಲು ಕಣ್ಣಿಗೆ ಕುಕ್ಕುವ ಗೆಲುವೊಂದು ಬೇಕಿತ್ತು. ದೂರದ ಒಂದು ಮೇಜಿನ ಮೇಲೆ ಹೂಡಬೇಕಾದ ದಾಳವಾಗಿ ಆ ದಿಣ್ಣೆ, ಅದರ ಮೇಲಿದ್ದ ಜನ ಎರಡೂ ಕಡೆಗೂ ಬೇಕಾಗಿದ್ದರು. ಮೊನ್ರಾಡ್ ಕೆಟ್ಟ ಮನುಷ್ಯರಲ್ಲ. ಪಾದ್ರಿ, ಬಿಷಪ್ ಆಗಿದ್ದವರು, 1849ರ ಪ್ರಜಾಸತ್ತಾತ್ಮಕ ಸಂವಿಧಾನದ ಕರಡು ಬರೆದ ಪಂಡಿತರು. ಆದರೆ ಈ ಆದೇಶವನ್ನು ಸಮರ್ಥಿಸುವ ಮಾತು ನನಗೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಏಪ್ರಿಲ್ 18ರ ಬೆಳಗಿನ ಜಾವ ನಾಲ್ಕಕ್ಕೆ ಪ್ರಷ್ಯದ ಎಲ್ಲ ಫಿರಂಗಿಗಳೂ ಒಟ್ಟಿಗೆ ಬಾಯಿ ತೆರೆದವು. ಆರು ಗಂಟೆ ಕಾಲ ಸುಮಾರು 8,000 ಗುಂಡು. ದಾಳಿ ನಸುಕಿನಲ್ಲೇ ಬರುತ್ತದೆ ಎಂದು ಕಾದು ಕೂತಿದ್ದ ಡೇನರು, ಬಾರದಿದ್ದುದನ್ನು ಕಂಡು ಗುಂಡಿನಿಂದ ತಪ್ಪಿಸಿಕೊಳ್ಳಲು ಮರೆಗೆ ಸರಿದಿದ್ದರು. ಹತ್ತು ಗಂಟೆಗೆ ಒಮ್ಮೆಲೇ ಎಲ್ಲ ನಿಂತಿತು. ಮರುಕ್ಷಣ ಮುಂದಿನ ಕಂದಕಗಳಿಂದ ಸುಮಾರು 10,000 ಜನ ಎದ್ದು ಓಡಿ ಬಂದರು. ಹಿಂದೆ ಪಲ್ಟನ್ನುಗಳ ಬ್ಯಾಂಡು ನುಡಿಯುತ್ತಿತ್ತು. ಕೆಲವು ಬುರುಜುಗಳು ಐದು ಹತ್ತು ನಿಮಿಷದಲ್ಲಿ ಬಿದ್ದವು. ಎರಡನೇ ಬುರುಜಿನಲ್ಲಿ ಯೋಹಾನ್ ಆಂಕರ್ ಎಂಬ ತರುಣ ಲೆಫ್ಟಿನೆಂಟ್ ವಾರಗಟ್ಟಲೆ ಹಟ ಹಿಡಿದು ಫಿರಂಗಿ ಹಾರಿಸಿ ಶತ್ರುವಿನ ಬಾಯಲ್ಲೂ ಹೆಸರಾಗಿದ್ದ; ಅವನೂ ಸೆರೆಸಿಕ್ಕ. ಅರ್ಧ ಗಂಟೆಯಲ್ಲಿ ಸಾಲಿನ ದಕ್ಷಿಣಾರ್ಧ ಪೂರ್ತಿ ಹೋಯಿತು. ಹಿಂದಿದ್ದವರು ಸೇತುವೆ ಮುಟ್ಟುವ ಮುನ್ನವೇ ಶತ್ರು ಮುಟ್ಟುವ ಸ್ಥಿತಿ.

ಆಗ ಎಂಟನೇ ಬ್ರಿಗೇಡ್ ಎದ್ದಿತು. ಸುಮಾರು 2,900 ಜನ. ಗಿರಣಿಯ ಆಸುಪಾಸಿನ ಇಳಿಜಾರಿನಲ್ಲಿ ಬಯೊನೆಟ್ ಹಿಡಿದು ಗೆದ್ದವರ ಕಡೆಗೇ ನುಗ್ಗಿದರು. ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಪ್ರಷ್ಯದವರು ಸ್ವಲ್ಪ ದೂರ ಹಿಂದೆ ಸರಿದರು, ಆಮೇಲೆ ಸೂಜಿಕೋವಿಗಳು ಮಾತಾಡಿದವು. ಬ್ರಿಗೇಡಿನ ಸುಮಾರು ಅರ್ಧದಷ್ಟು ಜನ ಸತ್ತು, ಗಾಯಗೊಂಡು, ಸೆರೆಯಾಗಿ ಮುಗಿದರು. ಆ ಹೊತ್ತಿನಲ್ಲಿ ಉಳಿದ ದಂಡು ಸೇತುವೆ ದಾಟಿತು. ಬದುಕಿ ಬಂದವರಲ್ಲಿ ಹದಿಹರೆಯದ ಲೆಫ್ಟಿನೆಂಟ್ ವಿಲ್ಹೆಲ್ಮ್ ಡಿನೆಸೆನ್ ಒಬ್ಬ. ಇಪ್ಪತ್ತೈದು ವರ್ಷದ ನಂತರ ಆ ಬ್ರಿಗೇಡಿನ ನೆನಪುಗಳನ್ನೇ ಪುಸ್ತಕವಾಗಿ ಬರೆದ. ‘ಔಟ್ ಆಫ್ ಆಫ್ರಿಕಾ’ ಬರೆದ ಕಾರೆನ್ ಬ್ಲಿಕ್ಸೆನ್ ಅವನ ಮಗಳು. ಜನರಲ್ ಡು ಪ್ಲಾ ದಿಣ್ಣೆಯ ಮೇಲೆಯೇ ಸತ್ತರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಡೇನರ ಕಡೆ ಸತ್ತವರು, ಗಾಯಾಳುಗಳು, ಸೆರೆಸಿಕ್ಕವರು ಸೇರಿ ಸುಮಾರು 4,800. ಪ್ರಷ್ಯದ ಕಡೆ ಸುಮಾರು 1,200.

ಆ ದಿನಗಳಲ್ಲಿ ರಣರಂಗದ ಎರಡೂ ಕಡೆ ತೋಳಿಗೆ ಬಿಳಿ ಪಟ್ಟಿಯ ಮೇಲೆ ಕೆಂಪು ಶಿಲುಬೆ ಕಟ್ಟಿಕೊಂಡ ಇಬ್ಬರು ಓಡಾಡುತ್ತಿದ್ದರು. ಪ್ರಷ್ಯದ ಕಡೆ ವೈದ್ಯ ಲೂಯಿ ಅಪ್ಪಿಯಾ, ಡೇನರ ಕಡೆ ಕ್ಯಾಪ್ಟನ್ ವಾನ್ ಡೆ ವೆಲ್ಡೆ. ಜಿನೀವಾದಲ್ಲಿ ಹಿಂದಿನ ವರ್ಷ ಹುಟ್ಟಿದ ರೆಡ್ ಕ್ರಾಸ್ ಸಮಿತಿ ಕಳುಹಿಸಿದವರು. ಯುದ್ಧಭೂಮಿಯಲ್ಲಿ ಆ ಗುರುತು ಕಾಣಿಸಿಕೊಂಡದ್ದು ಅದೇ ಮೊದಲು. ಅದೇ ಆಗಸ್ಟಿನಲ್ಲಿ ಮೊದಲನೇ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು.

*

ಸಮುದ್ರದಲ್ಲಿ ಮಾತ್ರ ಡೇನರ ಕೈ ಮೇಲಿತ್ತು. ಮೇ 9ರಂದು ಹೆಲಿಗೋಲ್ಯಾಂಡ್ ದ್ವೀಪದ ಬಳಿ ಸುಯೆನ್ಸನ್ ಅವರ ಹಡಗುಗಳು ತೆಗೆಟ್‌ಹಾಫ್ ನಾಯಕತ್ವದ ಆಸ್ಟ್ರಿಯದ ಹಡಗುಗಳನ್ನು ಬಡಿದು, ಮುಖ್ಯ ಹಡಗಿಗೆ ಬೆಂಕಿ ಹತ್ತಿಸಿ, ಬ್ರಿಟಿಷರ ಆಶ್ರಯದ ನೀರಿಗೆ ಅಟ್ಟಿದವು. ಅಲ್ಲಿ ಕಾದ ‘ಯೂಲಾನ್’ ಎಂಬ ಮರದ ಹಡಗನ್ನು ಎಬೆಲ್‌ಟಾಫ್ಟ್ ಊರಿನಲ್ಲಿ ಇಂದೂ ನೋಡಬಹುದು. ಕೋಪನ್‌ಹೇಗನ್ ಸಂಭ್ರಮಿಸಿತು. ಆ ಸಂಭ್ರಮ ಲಂಡನ್ನಿನಲ್ಲಿ ಕೂತಿದ್ದ ಡೇನರ ಹಟವನ್ನು ಇನ್ನಷ್ಟು ಬಿಗಿಗೊಳಿಸಿತು ಎಂಬುದು ದುರದೃಷ್ಟ. ಮೇ 12ರಿಂದ ಕದನವಿರಾಮ ಜಾರಿಗೆ ಬಂತು.

ಸಮ್ಮೇಳನ ಏಪ್ರಿಲ್ 25ರಿಂದ ಜೂನ್ 25ರವರೆಗೆ ನಡೆಯಿತು. ಇಡೀ ಯುದ್ಧದಲ್ಲಿ ಡೆನ್ಮಾರ್ಕಿಗೆ ಸಿಕ್ಕ ನಿಜವಾದ ಅವಕಾಶ ಇದೇ. ಶ್ಲೆಸ್ವಿಗ್ ಅನ್ನು ಹಂಚಿಕೊಳ್ಳೋಣ ಎಂಬಲ್ಲಿಗೆ ಮಾತು ಬಂದಿತ್ತು. ಬ್ರಿಟನ್ ಶ್ಲೈ–ಡಾನೆವಿರ್ಕೆ ಗೆರೆ ಸೂಚಿಸಿತು. ಪ್ರಷ್ಯ ಅದಕ್ಕಿಂತ ಬಹಳ ಉತ್ತರದಲ್ಲಿ, ಓಬೆನ್ರೊದಿಂದ ಟೊಂಡರ್‌ಗೆ ಗೆರೆ ಎಳೆಯಿತು. ನಡುವೆ ಎಲ್ಲಾದರೂ ಒಪ್ಪಬಹುದಿತ್ತು. ಅಲ್ಲಿನ ಜನರನ್ನೇ ಕೇಳೋಣ ಎಂಬ ಮಾತೂ ಬಂತು. ಮೊನ್ರಾಡ್ ಸರ್ಕಾರ ಅದನ್ನೂ ಒಪ್ಪಲಿಲ್ಲ. ಸೋತ ದಂಡನ್ನು ಬೆನ್ನಿಗಿಟ್ಟುಕೊಂಡು ಗೆದ್ದವರಂತೆ ಕೂತರು. ಸಮ್ಮೇಳನ ಮುರಿಯಿತು.

ಪ್ರಷ್ಯದ ದಂಡಿನ ಯೋಜನೆ ಈಗ ಹೆಲ್ಮುತ್ ಫೊನ್ ಮೋಲ್ಟ್ಕೆ ಕೈಯಲ್ಲಿತ್ತು. ಆತ ಹುಡುಗನಾಗಿ ಓದಿದ್ದು ಕೋಪನ್‌ಹೇಗನ್ನಿನ ಸೈನಿಕ ಶಾಲೆಯಲ್ಲಿ, ಮೊದಲು ತೊಟ್ಟದ್ದು ಡೆನ್ಮಾರ್ಕಿನ ಸಮವಸ್ತ್ರ. ಜೂನ್ 29ರ ನಡುರಾತ್ರಿ ಕಳೆದ ಮೇಲೆ ಪ್ರಷ್ಯದ ಸೈನಿಕರು ದೋಣಿಗಳಲ್ಲಿ ಜಲಸಂಧಿ ದಾಟಿ ಆಲ್ಸ್ ಹತ್ತಿದರು. ದ್ವೀಪ ಅಂದೇ ಬಿತ್ತು. ಡೇನರು ಇನ್ನೂ ಸುಮಾರು 3,000 ಜನರನ್ನು ಕಳೆದುಕೊಂಡರು. ಜುಲೈ 3ರಂದು ಉತ್ತರ ಯೂಟ್ಲೆಂಡಿನ ಲುಂಡ್‌ಬಿ ಹಳ್ಳಿಯಲ್ಲಿ ಡೇನರ ಒಂದು ಕಂಪನಿ, ಕಲ್ಲುಮಣ್ಣಿನ ಬೇಲಿಯ ಹಿಂದೆ ಮಲಗಿದ್ದ ಪ್ರಷ್ಯದ ತುಕಡಿಯ ಮೇಲೆ, ಬಯಲಿನಲ್ಲಿ ಸಾಲುಗಟ್ಟಿ ಬಯೊನೆಟ್ ಹಿಡಿದು ನಡೆಯಿತು. 1849ರಲ್ಲಿ ಕಲಿತ ಯುದ್ಧವಿದ್ಯೆ ಅದು. ಅರ್ಧ ಗಂಟೆಯೊಳಗೆ 30ಕ್ಕೂ ಹೆಚ್ಚು ಡೇನರು ಸತ್ತರು, ಅದಕ್ಕಿಂತ ಹೆಚ್ಚು ಜನ ಗಾಯಗೊಂಡರು. ಪ್ರಷ್ಯದ ಕಡೆ ಗಾಯಗೊಂಡವರು ಮೂವರು.

ಅಕ್ಟೋಬರ್ 30ರಂದು ವಿಯೆನ್ನಾದಲ್ಲಿ ಒಪ್ಪಂದವಾಯಿತು. ಮೂರೂ ಡಚಿಗಳು ಹೋದವು: ನೆಲದಲ್ಲಿ ಸುಮಾರು ಮೂರನೇ ಒಂದು ಪಾಲು, 26 ಲಕ್ಷದಷ್ಟಿದ್ದ ಜನಸಂಖ್ಯೆಯಲ್ಲಿ 10 ಲಕ್ಷ. ಅದರಲ್ಲಿ ಡೇನಿಷ್ ಮಾತಾಡುವವರು, ಡೇನರೆಂದೇ ತಿಳಿದುಕೊಂಡವರು ಸುಮಾರು 2,00,000. ಇಸ್ಟೆಡ್ ಸಿಂಹವನ್ನು ಪ್ರಷ್ಯದವರು ಬಿಚ್ಚಿ ಬರ್ಲಿನ್ನಿಗೆ ಸಾಗಿಸಿದರು. ಜುಲೈನಲ್ಲೇ ಅಧಿಕಾರ ಕಳೆದುಕೊಂಡಿದ್ದ ಮೊನ್ರಾಡ್ ಸಂಸಾರ ಕಟ್ಟಿಕೊಂಡು ನ್ಯೂಜಿಲೆಂಡಿಗೆ ಹೊರಟರು, ಕಾಡು ಕಡಿದು ಹೊಲ ಮಾಡಿದರು, 1869ರಲ್ಲಿ ಹಿಂದಿರುಗಿ ಮತ್ತೆ ಬಿಷಪ್ ಆದರು. ಅದೇ ದೇಶಕ್ಕೆ 1872ರಲ್ಲಿ ಹೋಗಿ ನೆಲೆಸಿದ ಸ್ಕಾಂಡಿನೇವಿಯದ ಜನ ತಮ್ಮ ಊರಿಗೆ ಡಾನೆವಿರ್ಕೆ ಎಂದೇ ಹೆಸರಿಟ್ಟರು. ಡೆನ್ಮಾರ್ಕಿನೊಳಗೆ, ಸೇನೆಯಲ್ಲಿ ಎಂಜಿನಿಯರ್ ಆಗಿದ್ದ ಡಾಲ್ಗಾಸ್ 1866ರಲ್ಲಿ ಕಟ್ಟಿದ ಸಂಘ ಯೂಟ್ಲೆಂಡಿನ ಪಾಳು ಕುರುಚಲು ಭೂಮಿಯನ್ನು ಹೊಲ, ತೋಪುಗಳಾಗಿ ಮಾಡತೊಡಗಿತು. ದೇಶ ಯುದ್ಧವೆಂದರೆ ಹಿಂಜರಿಯುವುದನ್ನು ಕಲಿಯಿತು. 1940ರ ಏಪ್ರಿಲ್ 9ರಂದು ಹಿಟ್ಲರನ ದಂಡು ಗಡಿ ದಾಟಿದಾಗ ಸರ್ಕಾರ ಕೆಲವೇ ಗಂಟೆಗಳಲ್ಲಿ ಶರಣಾದದ್ದರ ಹಿಂದೆ ಡ್ಯುಬ್ಬೊಲ್ ನೆನಪೂ ಕೆಲಸ ಮಾಡಿತ್ತು ಎಂದು ನಾನು ಭಾವಿಸುತ್ತೇನೆ.

1864ರ ಪೂರ್ತಿ ಬೆಲೆ ತೆತ್ತವರು ಬಿಟ್ಟುಹೋದ ಉತ್ತರ ಶ್ಲೆಸ್ವಿಗ್‌ನ ಜನ. 1866ರ ಪ್ರಾಗ್ ಒಪ್ಪಂದ ಅವರಿಗೆ ಜನಮತಗಣನೆಯ ಭರವಸೆ ಕೊಟ್ಟಿತ್ತು. ಆ ಕಲಮನ್ನು ಬರ್ಲಿನ್ ಮತ್ತು ವಿಯೆನ್ನಾ ಆಮೇಲೆ ತಾವೇ ಅಳಿಸಿ ಹಾಕಿದವು. ಶಾಲೆಗಳಿಂದ ಡೇನಿಷ್ ಹೊರಬಿತ್ತು. ಮೊದಲ ಮಹಾಯುದ್ಧ ಬಂದಾಗ ಡೆನ್ಮಾರ್ಕ್ ತಟಸ್ಥವಾಗಿತ್ತು, ಆದರೆ ಈ ಸೀಮೆಯ ಸುಮಾರು 30,000 ಗಂಡಸರು ಜರ್ಮನ್ ಸಮವಸ್ತ್ರ ತೊಟ್ಟು ಫ್ರಾನ್ಸಿಗೂ ರಷ್ಯಕ್ಕೂ ಹೋಗಬೇಕಾಯಿತು. 5,000ಕ್ಕೂ ಹೆಚ್ಚು ಜನ ಮರಳಲಿಲ್ಲ. ಡ್ಯುಬ್ಬೊಲ್‌ನಲ್ಲಿ ಸತ್ತವರಿಗಿಂತ ಎಷ್ಟೋ ಪಾಲು ಹೆಚ್ಚು.

ಜರ್ಮನಿ ಸೋತ ಮೇಲೆ, 1920ರಲ್ಲಿ, ಕೊನೆಗೂ ಅಲ್ಲಿನ ಜನರನ್ನು ಕೇಳಿದರು. ಫೆಬ್ರವರಿ 10ರಂದು ಉತ್ತರ ವಲಯದಲ್ಲಿ ನೂರಕ್ಕೆ 75 ಮತ ಡೆನ್ಮಾರ್ಕಿಗೆ ಬಿತ್ತು. ಮಾರ್ಚ್ 14ರಂದು ಫ್ಲೆನ್ಸ್‌ಬೋರ್ಗ್ ಸೇರಿದ ಎರಡನೇ ವಲಯದಲ್ಲಿ ನೂರಕ್ಕೆ 80 ಮತ ಜರ್ಮನಿಗೆ ಬಿತ್ತು. ಆ ಎರಡು ವಲಯಗಳ ನಡುವೆ ಎಳೆದ ಗಡಿಯೇ ಇವತ್ತಿನ ಗಡಿ. ನಕ್ಷೆ ತೆಗೆದು ನೋಡಿದರೆ ಅದು 1864ರಲ್ಲಿ ಲಂಡನ್ನಿನಲ್ಲಿ ಪ್ರಷ್ಯ ಎಳೆದ ಗೆರೆಗಿಂತ ದಕ್ಷಿಣಕ್ಕೆ, ಬ್ರಿಟನ್ ಸೂಚಿಸಿದ ಗೆರೆಗಿಂತ ಉತ್ತರಕ್ಕೆ ಬೀಳುತ್ತದೆ: ಅಂದು ಚೌಕಾಸಿ ಮಾಡಿದ್ದರೆ ಎಲ್ಲಿ ನಿಲ್ಲಬಹುದಿತ್ತೋ ಸರಿಸುಮಾರು ಅಲ್ಲೇ. ಅದರ ಎರಡೂ ಬದಿ ಉಳಿದ ಅಲ್ಪಸಂಖ್ಯಾತರಿಗೆ, ಇತ್ತಣ ಜರ್ಮನರಿಗೆ, ಅತ್ತಣ ಡೇನರಿಗೆ, ತಾವು ಯಾರೆಂದು ತಾವೇ ಹೇಳಿಕೊಳ್ಳುವ ಹಕ್ಕನ್ನು ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು 1955ರಲ್ಲಿ ಘೋಷಿಸಿದವು. ಈಗ ಏಪ್ರಿಲ್ 18ರಂದು ಡ್ಯುಬ್ಬೊಲ್‌ನಲ್ಲಿ ನಡೆಯುವ ಸ್ಮರಣೆಯಲ್ಲಿ ಜರ್ಮನ್ ಸೈನಿಕರೂ ಭಾಗವಹಿಸುತ್ತಾರೆ. ಬರ್ಲಿನ್ನಿನಿಂದ ಮರಳಿ ತಮ್ಮ ಕೈಸೇರಿದ್ದ ಇಸ್ಟೆಡ್ ಸಿಂಹವನ್ನು ಡೇನರು 2011ರಲ್ಲಿ ಫ್ಲೆನ್ಸ್‌ಬೋರ್ಗ್‌ಗೆ ಕಳಿಸಿಕೊಟ್ಟರು. ಕೇಳಿದ್ದು ಆ ಜರ್ಮನ್ ಪಟ್ಟಣವೇ.